ಮೊಟ್ಟೆ ನಿಂತವರ ಸೈನ್ಯ

ಹೋದ ವಾರ ನಮ್ಮ ಕರೀ ಪಡ್ಡೆ ಎಮ್ಮೆ ಮುಳ್ಳುತಂತಿಗೆ ಕಿವಿ ಸಿಕ್ಕಿಸಿಕೊಂಡು ಹರಿದುಕೊಂಡಿತು. ಹೊಸ ಡಾಕ್ಟರು ಬಂದು ನೇರಳೆ ಬಣ್ಣದ ಔಷಧಿ ಹೊಡೆದು ಹೋದರು. ಅವರು ಹೋಗಿ ಎಷ್ಟೋ ಹೊತ್ತಾದರೂ ಆ ವಾಸನೆ ಕೊಟ್ಟಿಗೆ ಬಿಟ್ಟು ಹೋಗಲಿಲ್ಲ. ಸಗಣಿ, ಗಂಜಲ, ಹಸೀ ಮೇವು, ಅದೆಲ್ಲದರ ಮೇಲೆ ಮೂಗಿಗೆ ಚುಚ್ಚುವ ಆ ಔಷಧಿ... ಇದೇ ವಾಸನೆ ಎರಡು ವರ್ಷ ನಮ್ಮ ಮುಂದಿನ ಕೋಣೆಯಲ್ಲಿತ್ತು. ಅಲ್ಲಿ ಬಾಡಿಗೆಗಿದ್ದವಳು ದನದ ಡಾಕ್ಟ್ರಮ್ಮ.

ನಾನು ನಾಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಬರೆಯೋದು ನಿಧಾನ. ಮೊಮ್ಮಗಳು, ನೀನು ಹೇಳಜ್ಜಿ ನಾನು ಬರೀತೀನಿ ಅಂದಳು. ಬೇಡ ಅಂದೆ. ಬೇರೆಯವರ ಕೈಗೆ ಕೊಟ್ಟರೆ ನಯ ಮಾಡಿಬಿಡುತ್ತಾರೆ. ಆ ಡಾಕ್ಟ್ರಮ್ಮ ನಯದವಳಲ್ಲ, ನಾನೂ ಅಲ್ಲ.

ಅವಳು ಸಂತೆಬಾಚಹಳ್ಳಿಯ ದನದ ಆಸ್ಪತ್ರೆಗೆ ಬಂದಾಗ ಇಪ್ಪತ್ತೊಂಬತ್ತು ವರ್ಷ. ನಮ್ಮೂರು ಅಲ್ಲಿಂದ ಎರಡು ಮೈಲಿ. ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲು, ದಪ್ಪ ಕನ್ನಡಕ, ಬೈಕಿನ ಹಿಂದೆ ಔಷಧಿ ಪೆಟ್ಟಿಗೆ. ಹೆಣ್ಣು ಡಾಕ್ಟ್ರು ಎಮ್ಮೆಗೇನು ನೋಡ್ತಾಳೆ ಅಂತ ಊರಿನ ಗಂಡಸರು ನಕ್ಕರು. ಬಂದ ಎರಡನೇ ವಾರ ಎದುರುಮನೆ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಬಿದ್ದಿತ್ತು. ತೋಳನ್ನು ಹೆಗಲಿನವರೆಗೂ ಒಳಗೆ ಹಾಕಿ, ಕಣ್ಣು ಮುಚ್ಚಿಕೊಂಡು, ಕರು ತಿರುಗಿಸಿ ಈಚೆಗೆಳೆದಳು. ಕೈ ತೊಳೆದು ಬಂದು ನಮ್ಮನೆಯಲ್ಲಿ ಎರಡು ಮುದ್ದೆ ಉಂಡಳು. ಅವತ್ತಿಂದ ಯಾರೂ ನಗಲಿಲ್ಲ. ನಕ್ಕರೂ ಮನೆಯೊಳಗೆ ನಕ್ಕರು.

ಭಾನುವಾರ ಮಧ್ಯಾಹ್ನ ಅವಳ ಇಬ್ಬರು ಸ್ನೇಹಿತರು ಬರುತ್ತಿದ್ದರು. ಒಬ್ಬ ಕೆ.ಆರ್.ಎಸ್.ನವನು, ನೀರಾವರಿ ಇಲಾಖೆಯಲ್ಲಿ ಕೆಲಸ, ಬಾಯಿ ಜಾಸ್ತಿ. ಇನ್ನೊಬ್ಬ ನಾಗಮಂಗಲದವನು, ಅಂಗಡಿಗಳಿಗೆ ಬೋರ್ಡು ಬರೆಯುವವನು, ಮಾತು ಕಮ್ಮಿ. ಮೂವರೂ ನಮ್ಮ ಜಗಲಿ ಮೇಲೆ ಚಾಪೆ ಹಾಸಿಕೊಂಡು ದಾಳ ಉರುಳಿಸುವರು. ಮೊದಲ ಸಲ ನಾನು ಜೂಜು ಅಂದುಕೊಂಡು ಪರಕೆ ಹಿಡಿದೇ ಬಂದೆ. ಡಾಕ್ಟ್ರಮ್ಮ ಕೂರಿಸಿಕೊಂಡು ವಿವರಿಸಿದಳು. ಒಬ್ಬರು ಕತೆ ನಡೆಸೋದು, ಮಿಕ್ಕವರು ಆ ಕತೆಯೊಳಗೆ ಒಬ್ಬೊಬ್ಬರಾಗೋದು. ನೀನು ರಾಜ, ಕೋಟೆ ಬಾಗಿಲು ಮುಚ್ಚೈತೆ, ಏನ್ಮಾಡ್ತೀಯ ಅಂತ ಕೇಳೋದು. ಅವನು ಗೋಡೆ ಹತ್ತುತೀನಿ ಅಂದರೆ ದಾಳ ಹಾಕಬೇಕು. ದಾಳ ನೆಲ್ಲಿಕಾಯಿ ಗಾತ್ರ, ಇಪ್ಪತ್ತು ಮುಖ. ದೊಡ್ಡ ಲೆಕ್ಕ ಬಿದ್ದರೆ ಹತ್ತಿದ, ಚಿಕ್ಕದು ಬಿದ್ದರೆ ಬಿದ್ದ. ಅಷ್ಟೇ. ವಯಸ್ಸಿಗೆ ಬಂದವರು ಇದಕ್ಕೆ ಪೆಟ್ರೋಲು ಸುಟ್ಟುಕೊಂಡು ಬರ್ತೀರಲ್ಲ ಅಂತ ಬೈದು ಟೀ ಕೊಟ್ಟೆ.

ಆ ಕತೆಗೆ ಅವಳು ಒಂದು ಹೊಸ ಕುಲ ಕಟ್ಟುತ್ತಿದ್ದಳು. ಡ್ರ್ಯಾಗನ್ನು ಅಂತಾರಲ್ಲ, ಬೆಂಕಿ ಉಗುಳೋ ದೊಡ್ಡ ಹಲ್ಲಿ, ಆ ಜಾತಿ. ಮೈಯೆಲ್ಲ ಉಡದ ಚರ್ಮ, ಎರಡು ಕಾಲಲ್ಲಿ ನಡೆಯೋದು, ಒಂದೂವರೆ ಬಾಗಿಲೆತ್ತರ, ಯುದ್ಧ ಮಾಡೋದೇ ಕಸುಬು. ಉರಿಗರು ಅಂತ ಹೆಸರಿಟ್ಟಿದ್ದಳು. ನಾನು ಅವರೆಕಾಯಿ ಸುಲಿಯುತ್ತಾ ಕೂತರೆ ನೋಟ್‌ಬುಕ್ಕು ತಂದು ಓದುವಳು. ನಾನು ಸುಮ್ಮನಿರುವವಳಲ್ಲ. ಬಾಯಲ್ಲಿ ಬೆಂಕಿ ಇಟ್ಟುಕೊಂಡು ಮರಿಗೆ ಗುಟುಕು ಹೆಂಗೆ ಕೊಡ್ತವೆ ಅಂತ ಕೇಳಿದೆ. ಅವಳು ಪೆನ್ನು ಕಚ್ಚಿಕೊಂಡು ಯೋಚಿಸಿದಳು. ಅಷ್ಟುದ್ದ ಬಾಲ ಇದ್ದರೆ ಉಣ್ಣಕ್ಕೆ ಎಲ್ಲಿ ಕೂರ್ತವೆ ಅಂದೆ. ಅದನ್ನೂ ಬರೆದುಕೊಂಡಳು. ಪೊರೆ ಬಿಡುವಾಗ ಮೈ ಉರಿದು ಯಾರನ್ನೂ ಹತ್ತಿರ ಸೇರಿಸಲ್ಲ, ಆವಾಗ ಯುದ್ಧಕ್ಕೆ ಕರೀಬ್ಯಾಡ, ನಿಮ್ಮೋರನ್ನೇ ಕಚ್ಚತವೆ ಅಂದೆ. ಕಾಲೇಜಲ್ಲಿ ಇದನ್ನ ಯಾರೂ ಹೇಳಿಕೊಡಲಿಲ್ಲ ಕಣಜ್ಜಿ ಅಂದಳು.

ಆ ಕಾಲಕ್ಕೆ ನನ್ನ ಮಗ ನನ್ನನ್ನು ಕೊಟ್ಟಿಗೆಯಿಂದ ಬಿಡಿಸಿದ್ದ. ಕೆಟ್ಟವನೇನಲ್ಲ. ನನ್ನ ಮಂಡಿ ಊದಿತ್ತು. ನೀನು ಇನ್ಮೇಲೆ ಆರಾಮಾಗಿ ಕುಂತ್ಕೊ ಅವ್ವ, ನಾವು ನೋಡ್ಕತೀವಿ ಅಂದ. ನಲವತ್ತು ವರ್ಷ ನಾನೇ ಹಾಲು ಕರೆದು ನಾನೇ ಡೈರಿಗೆ ಹೊತ್ತದ್ದು. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಕ್ಯಾನು ಸೊಸೆ ಕೈಲಿತ್ತು. ಮನೆಯವರು ಕುಂತ್ಕೊ ಕುಂತ್ಕೊ ಅಂತ ಅಕ್ಕರೆಯಿಂದ ಅಂದರೂ ಅದರ ಅರ್ಥ ನನಗೆ ತಿಳಿಯದೇ ಇರಲಿಲ್ಲ.

ಹಂಗಿರುವಾಗ ಒಂದು ಸಂಜೆ ಡಾಕ್ಟ್ರಮ್ಮ ಉರಿಗರ ಹೆಂಗಸರ ಪುಟ ಓದಿದಳು. ಹೆಣ್ಣು ಉರಿಗರು ಮೊಟ್ಟೆ ಇಡುತ್ತಾರೆ, ಮರಿ ಸಾಕುತ್ತಾರೆ, ಗಂಡಿನ ಸಮ ಯುದ್ಧ ಮಾಡುತ್ತಾರೆ. ವಯಸ್ಸಾಗಿ ಮೊಟ್ಟೆ ಇಡುವುದು ನಿಂತ ಮೇಲೆ ಯಾರಿಗೂ ಹೇಳದೆ ಬೆಟ್ಟ ಹತ್ತಿ ಹೋಗುತ್ತಾರೆ, ಇಳಿದು ಬರುವುದಿಲ್ಲ. ಅದು ಆ ಕುಲದ ದೊಡ್ಡ ಗೌರವ.

ನಾನು ಮೊರ ಕೆಳಗಿಟ್ಟೆ. ಹೋಗಿ ಏನ್ಮಾಡ್ತವೆ ಅಂದೆ. ಸಾಯ್ತವೆ ಅಜ್ಜಿ, ವೀರರ ಥರ ಅಂದಳು. ಯಾರು ಹೇಳಿದ್ದು ಅಂದೆ. ಯಾರೂ ಹೇಳಿಲ್ಲ, ನಾನೇ ಬರೆದದ್ದು ಅಂದಳು. ಆಮೇಲೆ ಕನ್ನಡಕ ತೆಗೆದು ಕೇಳಿದಳು, "ನೀವು ಗೊಡ್ಡು ಬಿದ್ದ ಎಮ್ಮೆನ ಏನ್ಮಾಡ್ತೀರಜ್ಜಿ?"

ಸುಳ್ಳು ಹೇಳಲಿಲ್ಲ. ಸಂತೆಗೆ ಹೊಡೀತೀವಿ ಅಂದೆ. ನಮ್ಮ ಹಳೇ ಎಮ್ಮೆಯ ಕತೆ ಅವತ್ತೇ ಹೇಳಿದ್ದು. ಹದಿನಾಕು ವರ್ಷ ಇತ್ತು ಅದು. ಹಾಲು ನಿಂತಿತು, ಗಬ್ಬ ನಿಲ್ಲಲಿಲ್ಲ, ಕೊಟ್ಟುಬಿಟ್ಟೆವು. ಕೊಟ್ಟ ಮೂರನೇ ದಿನಕ್ಕೆ ಮಿಕ್ಕ ಎಮ್ಮೆಗಳು ಕೆರೆಗಿಳಿದವು. ಪ್ರತಿದಿನ ಮುಂದೆ ಹೋಗುತ್ತಿದ್ದದ್ದು ಆ ಮುದಿ ಎಮ್ಮೆ. ಎಲ್ಲಿ ನೆಲ ಗಟ್ಟಿ, ಎಲ್ಲಿ ಹೂಳು ಅಂತ ಅದಕ್ಕೊಂದಕ್ಕೇ ಗೊತ್ತಿತ್ತು. ನಮಗೂ ಗೊತ್ತಿರಲಿಲ್ಲ. ಅವತ್ತು ಮುಂದೆ ಹೋದದ್ದು ಎಳೇ ಎಮ್ಮೆ, ಚೊಚ್ಚಲ ಗಬ್ಬ. ಹೊಟ್ಟೆಮಟ್ಟ ಹೂತುಕೊಂಡಿತು. ಹಗ್ಗ ಹಾಕಿ ಹತ್ತು ಜನ ಎಳೆದರೂ... ಬಿಡಿ.

ಅದಕ್ಕೇ ಡಾಕ್ಟ್ರಮ್ಮನಿಗೆ ಅಂದೆ:

"ನಿನ್ ಯುದ್ಧಕ್ಕೆ ಮೊಟ್ಟೆ ನಿಂತೋರ್ನ ಕಳ್ಸು. ಎಳೇವು ಮನೇಲಿರ್ಲಿ, ಮರಿ ಸಾಕ್ಲಿ, ಬದುಕ್ಲಿ. ಈ ಮುದುಕೀರಿಗೆ ಎಲ್ಲಿ ಹೂಳೈತೆ ಅಂತ ಗೊತ್ತು. ಸಾಯದು ಬಂದ್ರೆ ಮೊದ್ಲು ನಾವು ಸಾಯಬೇಕು. ಅದ ಬುಟ್ಟು ಬೆಟ್ಟ ಯಾಕ್ ಹತ್ತಬೇಕು?"

ಬಾಯಿ ತಪ್ಪಿ ನಾವು ಅಂತ ಅಂದುಬಿಟ್ಟಿದ್ದೆ. ಅವಳು ಗಮನಿಸಿದಳು, ಕೆದಕಲಿಲ್ಲ. ಆ ಪುಟಕ್ಕೆ ಅಡ್ಡಗೆರೆ ಎಳೆದು ಹೊಸದಾಗಿ ಬರೆಯಲು ಶುರುಮಾಡಿದಳು. ಉರಿಗರಲ್ಲಿ ಮೊಟ್ಟೆ ಇಡುವವರು ಯುದ್ಧಕ್ಕೆ ಹೋಗುವಂತಿಲ್ಲ. ಮೊಟ್ಟೆ ನಿಂತ ದಿನ ಹೆಣ್ಣು ಉರಿಗರಿಗೆ ಕತ್ತಿ ಕೊಡುತ್ತಾರೆ. ಇನ್ನೂ ಸುಕ್ಕು ಬೀಳದವಳಿಗೆ ಸೇನೆಯಲ್ಲಿ ಜಾಗವಿಲ್ಲ.

ಭಾನುವಾರ ಕೆ.ಆರ್.ಎಸ್.ನವನು ಅದನ್ನು ಕೇಳಿ ಚಾಪೆ ಮೇಲೆ ಉರುಳಾಡಿ ನಕ್ಕ. "ಏನ್ ಡಾಕ್ಟ್ರೇ, ಅಜ್ಜೀರ ಪಟಾಲಮ್ಮಾ? ಯುದ್ಧದ ಮಧ್ಯ ಮಂಡಿ ನೋವು ಅಂತ ಕುಂತ್ಕಬುಟ್ರೆ ಮುಲಾಮು ಯಾರ್ ತಿಕ್ಕೋರು?" ನಾಗಮಂಗಲದವನಿಗೂ ಒಪ್ಪಿಗೆಯಿರಲಿಲ್ಲ, ಬೆಟ್ಟ ಹತ್ತಿ ಹೋಗೋದೇ ಚೆನ್ನಾಗಿತ್ತು, ಕಣ್ಣಲ್ಲಿ ನೀರು ಬರ್ತಿತ್ತು ಅಂದ. ಕಣ್ಣೀರು ಬೇಕಾದರೆ ಈರುಳ್ಳಿ ಹೆಚ್ಚಲಾ ಅಂದೆ ಒಳಗಿಂದ.

ಡಾಕ್ಟ್ರಮ್ಮ ತೀರ್ಮಾನ ಮಾಡಿದಳು. ಮುಂದಿನ ಭಾನುವಾರ ಒಂದು ಯುದ್ಧ ಆಡಿ ನೋಡೋಣ. ಐದು ಮುದಿ ಉರಿಗರು ಕೋಟೆ ಕಾಯಬೇಕು. ಕೋಟೆ ಹಿಂದಿನ ಬಾಗಿಲಿಂದ ಎಳೆಯವರು ಮೊಟ್ಟೆಗಳನ್ನು ಹೊತ್ತುಕೊಂಡು ಪಾರಾಗುವವರೆಗೆ ಶತ್ರುವನ್ನು ತಡೆದರೆ ಈ ಕುಲ ಹೀಗೇ ಉಳಿಯುತ್ತೆ. ತಡೆಯದಿದ್ದರೆ ಮುದುಕಿಯರು ಬೆಟ್ಟಕ್ಕೆ. ಮುದುಕಿಯರ ಪರ ಆಡುವವಳು ಅಜ್ಜಿ, ಅಂದರೆ ನಾನು.

ಆ ವಾರವೆಲ್ಲ ನನಗೆ ಅದೇ ಗ್ಯಾನ. ಸೊಸೆ ಏನೋ ಕೇಳಿದರೆ ಇನ್ನೇನೋ ಹೇಳುತ್ತಿದ್ದೆ. ಇಲ್ಲದ ಹಲ್ಲಿಗಳು ಬದುಕಿದರೇನು ಸತ್ತರೇನು ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಸೋಲಬಾರದಿತ್ತು.

ಭಾನುವಾರ ಉಂಡು ಕೂತೆವು. ಕೆ.ಆರ್.ಎಸ್.ನವನು ಶತ್ರು, ಐವತ್ತು ಕುದುರೆ ಇಟ್ಟುಕೊಂಡು ಬಂದ. ನಾನು ದಡ್ಡಿ, ಗಂಡಸರ ಕತೆಯಲ್ಲಿ ಆಗುವ ಹಾಗೆ ಐದೂ ಜನರನ್ನು ಬಾಗಿಲ ಮುಂದೆ ನಿಲ್ಲಿಸಿ ಬೆಂಕಿ ಉಗುಳಿಸಿದೆ. ದಾಳ ಹಾಕಿದೆ. ನಾಕು. ಇಬ್ಬರು ಸತ್ತರು. ಅವನು ಮೀಸೆ ತಿರುವಿದ.

ಆವಾಗ ನನಗೆ ಬುದ್ಧಿ ಬಂತು. ಕೋಟೆ ಮುಂದೆ ಕೆರೆ ಐತೆ ಅಂದ್ಯಲ್ಲ, ಹೂಳೆಷ್ಟೈತೆ ಅಂತ ಡಾಕ್ಟ್ರಮ್ಮನನ್ನು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಎದೆಮಟ್ಟ ಅಜ್ಜಿ, ಆದ್ರೆ ಮಧ್ಯ ಒಂದು ಗಟ್ಟಿ ದಾರಿ ಐತೆ ಅಂದಳು. ನಮ್ಮೋರಿಗೆ ಅದು ಗೊತ್ತು ಅಂದೆ. ಗೊತ್ತು ಅಂದಳು. ಉಳಿದ ಮೂವರನ್ನು ಒಬ್ಬರ ಹಿಂದೆ ಒಬ್ಬರಂತೆ, ಅವಸರವಿಲ್ಲದೆ, ಕೆರೆಯೊಳಗೆ ನಡೆಸಿದೆ. ನಡುಮಧ್ಯಕ್ಕೆ ಹೋಗಿ ನಿಂತು ಶತ್ರುವಿಗೆ ಬೆನ್ನು ತೋರಿಸಲಿ ಅಂದೆ. ಅವನು ಆಸೆಬುರುಕ, ಐವತ್ತು ಕುದುರೆಯನ್ನೂ ಅಗಲವಾಗಿ ಬಿಟ್ಟ. ನನ್ನ ದಾಳ ಹದಿನೈದರ ಮೇಲೆ ಬೀಳಬೇಕಿತ್ತು. ಹದಿನೇಳು ಬಿತ್ತು. ಕುದುರೆಗಳೆಲ್ಲ ಹೂಳಲ್ಲಿ.

ಅವನ ಕಡೆ ಇನ್ನೂ ಬಿಲ್ಲಿನವರು ಉಳಿದಿದ್ದರು. ನಾಗಮಂಗಲದವನು ಶತ್ರುವಿನ ದೂತನಾಗಿ ಬಂದ. ಮುದುಕಿಯರೇ, ಮಂಡಿ ಊರಿ ಶರಣು ಅನ್ನಿ, ಬೆಟ್ಟದ ಮೇಲೆ ಮರ್ಯಾದೆಯಿಂದ ಬದುಕಲು ಬಿಡುತ್ತೇವೆ ಅಂದ.

"ನಮ್ಮೋರ್ಗೆ ಮಂಡಿ ನೋವು ಕಣಪ್ಪ," ಅಂದೆ. "ಊರಕಾಯ್ಕಿಲ್ಲ."

ಡಾಕ್ಟ್ರಮ್ಮ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ಆಮೇಲೆ ಇನ್ನೂ ನಾಕು ಸಲ ದಾಳ ಹಾಕಿದೆ. ಇಬ್ಬರು ಹೋದರು. ಒಬ್ಬಳು ನಿಂತೇ ಇದ್ದಳು. ಅಷ್ಟರಲ್ಲಿ ಕೊನೇ ಮೊಟ್ಟೆಯೂ ಪಾರಾಯ್ತು ಅಂತ ಡಾಕ್ಟ್ರಮ್ಮ ಹೇಳಿದಳು. ಕೆ.ಆರ್.ಎಸ್.ನವನು ಕೈ ಮುಗಿದ. ಇರ್ಲಿ ಬುಡಿ ಡಾಕ್ಟ್ರೇ, ಈ ಮುದುಕೀರ ತಂಟೆ ನಂಗ್ಬ್ಯಾಡ ಅಂದ. ಅವಳು ಹೊಸ ಪುಟವನ್ನು ಇಂಕಿನಲ್ಲಿ ಬರೆದು ಕೆಳಗೆ ನನ್ನ ಕೈಲಿ ರುಜು ಹಾಕಿಸಿದಳು.

ಮಾರನೇ ದಿನ ನಾನು ಕ್ಯಾನು ಎತ್ತಿಕೊಂಡು ಡೈರಿಗೆ ಹೋದೆ. ಮಗ ಅಡ್ಡ ಬಂದ. ಡಾಕ್ಟ್ರು ನಡೀಬೇಕು ಅಂತ ಯೋಳವ್ರೆ ಅಂದೆ. ಯಾವ ಡಾಕ್ಟ್ರು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದಾಗಿ ಎಂಟು ತಿಂಗಳಿಗೆ ಡಾಕ್ಟ್ರಮ್ಮ ರಜಾ ಹಾಕಿ ತನ್ನೂರಿಗೆ ಹೋದಳು. ಮೂರು ದಿನ ಅಂದಿದ್ದಳು. ಜ್ವರ ಬಂತು. ಎಂಥದೋ ಹೆಸರು ಹೇಳಿದರು, ಹೆಸರು ಕಟ್ಟಿಕೊಂಡು ನನಗೇನು... ಆರನೇ ದಿನ ನಾಗಮಂಗಲದವನು ಫೋನು ಮಾಡಿದ. ಬಸ್ಸು ಹತ್ತಿ ಹೋದೆ. ಮೂವತ್ತೊಂದು ವರ್ಷದ ಹುಡುಗಿಯನ್ನು ಅಂಗಳದಲ್ಲಿ ಮಲಗಿಸಿದ್ದರು. ಕನ್ನಡಕ ತೆಗೆದುಬಿಟ್ಟಿದ್ದರಿಂದ ಬೇರೆ ಯಾರೋ ಅನ್ನಿಸಿತು. ನಾನು ಅಳಲಿಲ್ಲ. ಸಿಟ್ಟು ಬಂತು. ನಾವಿಬ್ಬರೂ ಕೂತು ಬರೆದು ರುಜು ಹಾಕಿದ್ದ ಕಾನೂನಿನಲ್ಲಿ ಹೀಗಿರಲಿಲ್ಲ. ಮುಂದೆ ಹೋಗಬೇಕಾದವಳು ನಾನು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಅವಳ ತಾಯಿ ಕೋಣೆ ಖಾಲಿ ಮಾಡಲು ಬಂದಾಗ ನೋಟ್‌ಬುಕ್ಕು ಒಂದನ್ನು ಕೇಳಿ ಇಟ್ಟುಕೊಂಡೆ.

ಐದು ವರ್ಷವಾಯ್ತು. ಮೊನ್ನೆ ಅವಳ ಸ್ನೇಹಿತರಿಬ್ಬರೂ ಬಂದಿದ್ದರು. ಕೆ.ಆರ್.ಎಸ್.ನವನಿಗೆ ತಲೆ ಬೋಳಾಗಿದೆ. ಅವಳ ಆಟವನ್ನು ಚಿತ್ರ ಹಾಕಿ ಪುಸ್ತಕ ಮಾಡುತ್ತಾರಂತೆ, ನೋಟ್‌ಬುಕ್ಕು ಬೇಕಂತೆ. ಸಂತೋಷ ಅಂದೆ. ಆಮೇಲೆ ಅವನು ಕಾಲುಗುರು ನೋಡಿಕೊಂಡು ಎಳೆದೆಳೆದು ಹೇಳಿದ. ಅಚ್ಚು ಹಾಕಿಸುವವರು ಒಂದು ಮಾತು ಅಂದಿದ್ದಾರೆ, ಸುಕ್ಕು ಬಿದ್ದ ಮುಖ ನೋಡಿ ಯಾರು ಕೊಳ್ತಾರೆ, ಎಳೇ ಹೆಂಗಸರ ಕೈಗೆ ಕತ್ತಿ ಕೊಡಿ, ಮುದುಕಿಯರು ಮೊದಲಿನ ಹಾಗೆ ಬೆಟ್ಟಕ್ಕೆ ಹೋಗಲಿ ಅಂತ.

ನೋಟ್‌ಬುಕ್ಕು ಕೊಡಾಕಿಲ್ಲ ಅಂದೆ. ಅವನು, ಅಜ್ಜಿ ಅವಳ ಹೆಸರಾದ್ರೂ ಉಳೀತದೆ ಅಂದ. ಹೆಸರು ತಗಂಡು ಏನ್ಮಾಡ್ಲಾ, ಅವಳು ಹೇಳಿದ ಮಾತು ಅಳಿಸಿ ಹೆಸರು ಇಟ್ಕೊಂಡ್ರೆ ಅದು ಯಾರ ಪುಸ್ತಕ ಅಂತ ಕೇಳಿದೆ. ದಾಳದಲ್ಲಿ ಸೋತವನು ನೀನು, ರುಜು ಹಾಕಿದವಳು ನಾನು. ಇದ್ದ ಹಾಗೆ ಹಾಕಿಸುವುದಾದರೆ ತಗೊಂಡು ಹೋಗಿ, ಇಲ್ಲದಿದ್ದರೆ ಟೀ ಕುಡಿದು ಹೋಗಿ ಅಂದೆ. ಅವರಿಬ್ಬರೂ ಹಿತ್ತಲಿಗೆ ಹೋಗಿ ಏನೇನೋ ಮಾತಾಡಿಕೊಂಡರು. ಬಂದು, ಬೇರೆಯವರ ಹತ್ತಿರ ಅಚ್ಚು ಹಾಕಿಸ್ತೀವಿ ಅಂದರು. ಬಾಯಿಮಾತು ನಂಬಲಿಲ್ಲ. ಈಗಲೇ ಬರೀರಿ ಚಿತ್ರ, ನಾನು ನೋಡಬೇಕು ಅಂದೆ.

ನಾಗಮಂಗಲದವನು ಕಾಗದ ತೆಗೆದ. ಉರಿಗರ ಮುದುಕಿನ ಯಾವತ್ತೂ ನೋಡಿಲ್ವಲ್ಲ ಅಜ್ಜಿ, ಹೆಂಗಿರ್ತಾಳೆ ಅಂದ. ನಾನು ಕುರ್ಚಿ ಎಳೆದುಕೊಂಡು ಬೆಳಕಿಗೆ ಕೂತೆ. ಸುಕ್ಕು ಒಂದೂ ಬಿಡಬ್ಯಾಡ ಅಂದೆ. ಒಂದು ಗಂಟೆ ಅಲ್ಲಾಡದೆ ಕೂತಿದ್ದೆ. ನನ್ನ ಮುಖ, ಉಡದ ಚರ್ಮ, ಕೈಯಲ್ಲಿ ಕತ್ತಿ. ಪರವಾಗಿಲ್ಲ.

ಕೋಟೆಯೊಳಗೆ ಉಳಿಯುವ ಎಳೆಯವರನ್ನು ಬರೆಯುವಾಗ ಅವನ ಕೈ ನಿಂತಿತು. ನನ್ನನ್ನು ನೋಡಿದ. ನನಗೆ ಗೊತ್ತಾಯಿತು.

"ಅವಳ್ನ ಅಲ್ಲಿ ಬರಿ," ಅಂದೆ. "ಮೊಟ್ಟೆಗಳ ಹತ್ರ, ಒಳಗಡೆ. ಕನ್ನಡಕ ಮರೀಬ್ಯಾಡ."

ಬರೆದ. ಕನ್ನಡಕ ಹಾಕಿಕೊಂಡ ಒಂದು ಎಳೇ ಉರಿಗರ ಹೆಣ್ಣು, ಒಂದು ತೋಳು ಹೆಗಲಿನವರೆಗೂ ಒದ್ದೆ. ಅವಳು ಸತ್ತಿದ್ದಾಳೆ ಅಂತ ನನಗೆ ಚೆನ್ನಾಗಿ ಗೊತ್ತು, ನೀವು ಯಾರೂ ಸಮಾಧಾನ ಹೇಳಬೇಕಿಲ್ಲ. ಆ ಕಾಗದದಲ್ಲಿ ಮಾತ್ರ ಕೋಟೆ ಬಾಗಿಲ ಮುಂದೆ ನಾನು ನಿಂತಿದ್ದೇನೆ, ಅವಳು ನನ್ನ ಹಿಂದಿದ್ದಾಳೆ.