ಹಾಯಿದೋಣಿ ಮತ್ತು ಇಪ್ಪತ್ತಮೂರು ಮುಳ್ಳುಗಳು

2024ರ ಅಕ್ಟೋಬರಿನಲ್ಲಿ ನಾನು ತಿಪಟೂರಿನ ಒಂದು ಖಾಸಗಿ ಸರ್ವೆ ಕಂಪನಿಯಲ್ಲಿ ಫೀಲ್ಡ್ ಟೆಕ್ನೀಷಿಯನ್ ಆಗಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಕೆಲಸಕ್ಕೆ ಸೇರಿ ಒಂಬತ್ತು ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್‌ನಲ್ಲಿದ್ದೆ, ಜನವರಿಯಲ್ಲಿ ಖಾಯಂ ಆಗಬೇಕಿತ್ತು. ಕೆರೆಗಳ ಆಳ ಅಳೆದು ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಅಲ್ಲಿಯವರೆಗೆ ಹನ್ನೊಂದು ಕೆರೆ ಮುಗಿಸಿದ್ದೆ. ಯಾವ ಕೆರೆಗೆ ಎಷ್ಟು ದಿನ, ಯಂತ್ರ ತೋರಿಸಿದ ಓದು ಎಷ್ಟು, ಬ್ಯಾಟರಿ ಎಷ್ಟು ಸಲ ಕೈಕೊಟ್ಟಿತು ಎಂಬುದೆಲ್ಲ ನನ್ನ ದಿನಚರಿಯಲ್ಲಿದೆ. ಹನ್ನೆರಡನೆಯ ಕೆರೆಯ ಪುಟಗಳನ್ನು ಮಾತ್ರ ತೆರೆಯಲು ಈಗಲೂ ಮನಸ್ಸಾಗುವುದಿಲ್ಲ.

ಆ ಕೆರೆ ಕಿಬ್ಬನಹಳ್ಳಿಯಿಂದ ಸ್ವಲ್ಪ ಒಳಗಿದೆ. ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಅಲ್ಲಿಂದಲೇ ಹೋಗುವುದರಿಂದ ಮೋಟಾರು ದೋಣಿ ಇಳಿಸುವಂತಿಲ್ಲ. ಆದ್ದರಿಂದ ನಾವು ಹಾಯಿದೋಣಿಯಲ್ಲಿ ಸರ್ವೆ ಮಾಡಿದೆವು. ತೆಂಗಿನ ಸೀಮೆಯಲ್ಲಿ ಹಾಯಿದೋಣಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಾರೆ. ಅದು ಚಿಕ್ಕಣ್ಣನವರದು.

ಚಿಕ್ಕಣ್ಣನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಹತ್ತಿರದ ಒಂದು ಹಟ್ಟಿಯವರು. ಕುರಿ ಸಾಕುವ ಮನೆತನ. ಹದಿನೆಂಟಕ್ಕೆ ನೌಕಾಪಡೆ ಸೇರಿ, ಅಲ್ಲಿಂದ ನಿವೃತ್ತರಾದ ಮೇಲೆ ಕೊಚ್ಚಿಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದರು. ಅರವತ್ತು ದಾಟಿದ ಮೇಲೆ ಊರಿಗೆ ವಾಪಸಾದರು. ಬರುವಾಗ ಹದಿನಾಲ್ಕು ಅಡಿ ಉದ್ದದ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು, ಎಳನೀರು ಇಳಿಸಿ ಖಾಲಿ ಬರುತ್ತಿದ್ದ ಲಾರಿಯ ಮೇಲೆ ಹಾಕಿಸಿಕೊಂಡು ಬಂದಿದ್ದರು. ಹಟ್ಟಿಗಳ ಹುಡುಗ ಹುಡುಗಿಯರಿಗೆ ಈ ಕೆರೆಯಲ್ಲಿ ಹಾಯಿ ಕಲಿಸಬೇಕು ಎಂಬುದು ಅವರ ಆಸೆ. ಕೆರೆಯ ಉಸ್ತುವಾರಿ ನೋಡುವ ಕಚೇರಿ ಎರಡು ಷರತ್ತು ಹಾಕಿತ್ತು. ದೋಣಿ ಸುರಕ್ಷಿತವಾಗಿ ಓಡಾಡುವ ಜಾಗದ ಆಳದ ನಕ್ಷೆ ಕೊಡಬೇಕು. ಆಮೇಲೆ ಎಂಜಿನಿಯರರ ಎದುರು ಒಂದು ಪರೀಕ್ಷಾ ಓಟ ನಡೆಸಿ ತೋರಿಸಬೇಕು. ನಕ್ಷೆಯ ಕೆಲಸ ನಮ್ಮ ಕಂಪನಿಗೆ ಬಂತು, ಕಂಪನಿಯಿಂದ ನನಗೆ ಬಂತು. ಸರ್ವೆಗೂ ತಮ್ಮ ದೋಣಿಯನ್ನೇ ಬಳಸಿ, ನಡೆಸಲು ತಾವೇ ಬರುತ್ತೇವೆ ಎಂದರು ಚಿಕ್ಕಣ್ಣನವರು.

ನಮ್ಮ ಸಲಕರಣೆಯ ಬಗ್ಗೆ ಎರಡು ಮಾತು ಹೇಳಬೇಕು. ಹತ್ತಿಂಚಿನ ಒಂದು ಟ್ಯಾಬ್ಲೆಟ್ಟನ್ನು ನೀರು ಹೋಗದ ಚೀಲದಲ್ಲಿಟ್ಟು, ಹಾಯಿಯ ಕಂಬದ ಬುಡದಲ್ಲಿ ನಮ್ಮಿಬ್ಬರಿಗೂ ಕಾಣುವಂತೆ ಬಿಗಿದಿದ್ದೆ. ಅದರ ತೆರೆಯ ಮೇಲೆ ನಾಲ್ಕು ವಿಷಯ ಕಾಣುತ್ತಿದ್ದವು: ಜಿಪಿಎಸ್‌ನಿಂದ ದೋಣಿ ಇರುವ ಜಾಗ, ವೇಗ, ಕಂಬದ ತುದಿಯ ಸೆನ್ಸರ್‌ನಿಂದ ಗಾಳಿಯ ದಿಕ್ಕು, ದೋಣಿಯ ಹಿಂಬದಿಗೆ ಕಟ್ಟಿದ ಎಕೋ ಸೌಂಡರ್‌ನಿಂದ ನೀರಿನ ಆಳ. ಎಕೋ ಸೌಂಡರ್ ನೀರಿನೊಳಕ್ಕೆ ಶಬ್ದ ಬಿಟ್ಟು, ಅದು ತಳ ಮುಟ್ಟಿ ಹಿಂದಿರುಗಲು ಹಿಡಿಯುವ ಸಮಯದಿಂದ ಆಳ ಲೆಕ್ಕ ಹಾಕುತ್ತದೆ. ಬಿಸಿಲಿಗೆ ಟ್ಯಾಬ್ಲೆಟ್ಟಿನ ತೆರೆ ಸರಿಯಾಗಿ ಕಾಣುತ್ತಿರಲಿಲ್ಲ, ಒದ್ದೆ ಬೆರಳಿಗೆ ಅದು ಮಾತೂ ಕೇಳುತ್ತಿರಲಿಲ್ಲ. ನಾನು ದುಪಟ್ಟಾ ಮರೆ ಮಾಡಿಕೊಂಡು ಗಾಳಿಯ ಬಾಣ ನೋಡುತ್ತಿದ್ದರೆ ಚಿಕ್ಕಣ್ಣನವರಿಗೆ ನಗು.

"ಏನವ್ವ, ಗಾಳಿ ಯಾವ ಕಡೆಯಿಂದ ಬತ್ತೈತೆ ಅಂತ ಸ್ಲೇಟು ನೋಡಿ ಹೇಳ್ಬೇಕಾ? ಗಾಳಿ ತಾಗೋ ಕುತ್ತಿಗೆ ಎಲ್ಲಿ ಮಡಗಿದ್ದೀಯ?"

ಹಾಗೆಂದು ಅವರು ಟ್ಯಾಬ್ಲೆಟ್ಟಿನ ವಿರೋಧಿಯಲ್ಲ. ದೋಣಿ ಹೋದ ದಾರಿ ತೆರೆಯ ಮೇಲೆ ಗೆರೆಯಾಗಿ ಮೂಡುವುದನ್ನು ಇಷ್ಟಪಟ್ಟು ನೋಡುತ್ತಿದ್ದರು. "ನಾವು ಕಲಿಯೋವಾಗ ಇದು ಇದ್ದಿದ್ರೆ ಅರ್ಧ ಬೈಗುಳ ತಪ್ತಿತ್ತು" ಎನ್ನುತ್ತಿದ್ದರು.

ಅಕ್ಟೋಬರ್ 22ರಿಂದ 25ರವರೆಗೆ ನಾಲ್ಕು ದಿನ ಸರ್ವೆ. ಕೆರೆಯನ್ನು ಹದಿನಾಲ್ಕು ಸಮಾನಾಂತರ ಗೆರೆಗಳಾಗಿ ವಿಂಗಡಿಸಿಕೊಂಡು ಒಂದೊಂದೇ ಗೆರೆಯ ಮೇಲೆ ದೋಣಿ ನಡೆಸಿದೆವು. 24ರಂದು, ಒಂಬತ್ತು ಮತ್ತು ಹತ್ತನೆಯ ಗೆರೆಗಳಲ್ಲಿ, ಒಂದು ವಿಚಿತ್ರ ಕಂಡಿತು. ಅಲ್ಲಿ ಆಳ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಆದರೆ ಓದು ಇದ್ದಕ್ಕಿದ್ದಂತೆ ಒಂದು ಮೀಟರಿಗೆ ಹಾರಿ, ತಕ್ಷಣ ಮತ್ತೆ ಎರಡಕ್ಕೆ ಇಳಿಯುತ್ತಿತ್ತು. ತೆರೆಯ ಮೇಲೆ ತಳದ ಗೆರೆಯಿಂದ ಮುಳ್ಳು ಎದ್ದಂತೆ ಕಾಣುತ್ತಿತ್ತು. ಒಂಬತ್ತನೆಯ ಗೆರೆಯಲ್ಲಿ ಹನ್ನೆರಡು, ಹತ್ತನೆಯದರಲ್ಲಿ ಹನ್ನೊಂದು, ಒಟ್ಟು ಇಪ್ಪತ್ತಮೂರು ಮುಳ್ಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು ಒಂಬತ್ತು ಮೀಟರ್.

"ಮೀನೇನವ್ವ ಅದು?" ಎಂದರು ಚಿಕ್ಕಣ್ಣನವರು.

"ಮೀನು ಇಷ್ಟು ಅಳತೆಯಾಗಿ ನಿಂತಿರಲ್ಲ ಸಾರ್. ಸೆನ್ಸರ್ ಗಲಾಟೆ ಮಾಡ್ತಿದೆ."

"ಸಾಲಾಗಿ ಐತೆ ಅಂತೀಯ, ಗಲಾಟೆ ಅಂತೀಯ. ಸಾಲಾಗಿ ನಿಂತು ಗಲಾಟೆ ಮಾಡೋದನ್ನ ನಾನು ಪೆರೇಡಿನಲ್ಲೂ ನೋಡಿಲ್ಲ ಬುಡು. ನಾಳೆ ಒಂದು ಬಿದಿರು ಗಳ ತತ್ತೀನಿ, ಕುಕ್ಕಿ ನೋಡನ."

"ನಾಳೆ ಇನ್ನೂ ನಾಲ್ಕು ಗೆರೆ ಬಾಕಿ ಇದೆ ಸಾರ್. ಸೋಮವಾರ ರಿಪೋರ್ಟ್ ಕೊಡ್ಬೇಕು. ನಂದು ಪ್ರೊಬೇಷನ್ ಬೇರೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಸರಿ ಬುಡು, ಅಳೆಯೋಳು ನೀನು" ಎಂದು ಹಾಯಿಯ ಹಗ್ಗ ಎಳೆದರು.

27ರ ಭಾನುವಾರ ಬೆಳಿಗ್ಗೆ ತುರುವೇಕೆರೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಕ್ಷೆ ತಯಾರಿಸಿದೆ. ಟ್ಯಾಬ್ಲೆಟ್ಟಿನ ಆ್ಯಪ್‌ನಲ್ಲಿ ನಾಯ್ಸ್ ಫಿಲ್ಟರ್ ಎಂಬ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಅಕ್ಕಪಕ್ಕದ ಓದುಗಳಿಗೆ ಹೊಂದದ ಓದುಗಳನ್ನು ಅದು ಮರೆಮಾಡಿ, ತಳದ ಗೆರೆಯನ್ನು ನಯಗೊಳಿಸುತ್ತದೆ. ಒತ್ತಿದೆ. ಮುಳ್ಳುಗಳು ಮಾಯವಾದವು. ಆ ದಿನದ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: "ಗೆರೆ 9, 10. 23 ತಪ್ಪು ಓದು ತೆಗೆದೆ. ಅಂತರ ಎಲ್ಲ ಕಡೆ ಒಂದೇ. ನೆಲ ಇಷ್ಟು ಕ್ರಮವಾಗಿರುವುದಿಲ್ಲ, ಆದ್ದರಿಂದ ಯಂತ್ರದ ದೋಷ."

ಇದನ್ನು ಬರೆದಾಗ ನನ್ನ ಎದುರಿಗೇ ನಮ್ಮ ತೋಟವಿತ್ತು. ಗಿಡದಿಂದ ಗಿಡಕ್ಕೆ ಮೂವತ್ತಡಿ, ಸಾಲಿನಿಂದ ಸಾಲಿಗೆ ಮೂವತ್ತಡಿ. ಅಪ್ಪ ಹೊಸ ಸಸಿ ಇಡುವಾಗ ಹಗ್ಗದ ಇನ್ನೊಂದು ತುದಿ ಹಿಡಿದು ನಿಂತವಳು ನಾನು. ಟ್ಯಾಬ್ಲೆಟ್ ಮೂವತ್ತಡಿ ಎಂದು ತೋರಿಸಿದ್ದರೆ ತಕ್ಷಣ ಗುರುತು ಹಿಡಿಯುತ್ತಿದ್ದೆನೋ ಏನೋ. ಅದು ಒಂಬತ್ತು ಮೀಟರ್ ಎಂದಿತು, ನನಗೆ ಏನೂ ಹೊಳೆಯಲಿಲ್ಲ. 28ರಂದು ಕೊಟ್ಟ ವರದಿಯಲ್ಲಿ "ತಳ ಸಮತಟ್ಟಾಗಿದೆ, ಅಡೆತಡೆ ಇಲ್ಲ" ಎಂದು ಬರೆದು, ಆ ಜಾಗಕ್ಕೆಲ್ಲ ಸುರಕ್ಷಿತ ಎಂಬ ಹಸಿರು ಬಣ್ಣ ತುಂಬಿದೆ.

ಪರೀಕ್ಷಾ ಓಟ ಡಿಸೆಂಬರ್ 5, ಗುರುವಾರ ಬೆಳಿಗ್ಗೆ ಹತ್ತೂವರೆಗೆ. ಕೆರೆ ಏರಿಯ ಮೇಲೆ ಎಂಜಿನಿಯರರು, ಅವರ ಜೊತೆ ಇಬ್ಬರು ಸಿಬ್ಬಂದಿ. ಹಟ್ಟಿಯಿಂದ ಟೆಂಪೋ ಮಾಡಿಕೊಂಡು ಒಂಬತ್ತು ಜನ ಬಂದಿದ್ದರು. ಚಿಕ್ಕಣ್ಣನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಚುಕ್ಕಾಣಿ ಅವರದು, ಮುಂದಿನ ಸಣ್ಣ ಹಾಯಿಯ ಹಗ್ಗ ನನ್ನ ಕೈಯಲ್ಲಿ. ನೀರಿನಲ್ಲಿ ತೇಲಿಬಿಟ್ಟ ಎರಡು ಡ್ರಮ್ಮುಗಳನ್ನು ಎರಡು ಸಲ ಸುತ್ತಿ ಬರಬೇಕಿತ್ತು.

ಮೊದಲ ಸುತ್ತು ಚೆನ್ನಾಗಿ ಮುಗಿಯಿತು. ಏರಿಯ ಮೇಲೆ ಚಪ್ಪಾಳೆ ಕೇಳಿಸಿತು. ಎರಡನೆಯ ಸುತ್ತಿನಲ್ಲಿ ಮೂಡಣ ಗಾಳಿ ಜೋರಾಯಿತು. ದೋಣಿ ಪಕ್ಕದ ಗಾಳಿಗೆ ವಾಲಿ ಓಡುತ್ತಿತ್ತು. ಹೀಗೆ ಓಡುವಾಗ ದೋಣಿ ಪಕ್ಕಕ್ಕೆ ಜಾರದಂತೆ ಅದರ ಹೊಟ್ಟೆಯ ಸೀಳಿನಿಂದ ಒಂದು ಹಲಗೆಯನ್ನು ನೀರಿಗೆ ಇಳಿಬಿಟ್ಟಿರುತ್ತಾರೆ. ಸೆಂಟರ್‌ಬೋರ್ಡ್ ಎನ್ನುತ್ತಾರೆ. ಸರ್ವೆಯ ದಿನಗಳಲ್ಲಿ ಮೆಲ್ಲಗೆ ಸಾಗುತ್ತಿದ್ದರಿಂದ ಅದನ್ನು ಅರ್ಧ ಮೇಲೆತ್ತಿಕೊಂಡಿದ್ದೆವು, ಈಗ ಅದು ಒಂದು ಮೀಟರಿಗೂ ಸ್ವಲ್ಪ ಹೆಚ್ಚು ಕೆಳಗಿಳಿದಿತ್ತು. ಟ್ಯಾಬ್ಲೆಟ್ಟಿನ ಮೇಲೆ ನಾವು ಹಸಿರಿನ ನಡುವೆ ಇದ್ದೆವು. ಆಳ 2.2 ಮೀಟರ್ ಎಂದು ನಾನೇ ಓದಿ ಹೇಳಿದೆ. ಮರುಕ್ಷಣ ಕಾಲಡಿಯಲ್ಲಿ ದೊಡ್ಡ ಹೊಡೆತ. ಹಲಗೆ ಮುರಿಯಿತು, ದೋಣಿ ಗಕ್ಕನೆ ತಿರುಗಿ ಮಗುಚಿತು.

ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದೆವು. ಮೀನಿನವರ ಹರಿಗೋಲು ಹತ್ತು ನಿಮಿಷದಲ್ಲಿ ಬಂದು ನಮ್ಮನ್ನು ದಡಕ್ಕೆ ಸೇರಿಸಿತು. ಚಿಕ್ಕಣ್ಣನವರ ಎಡ ಮೊಣಕೈ ತರಚಿ ಬಿಳಿ ಅಂಗಿಗೆ ರಕ್ತ ಹತ್ತಿತ್ತು. ಅವರು ಹರಿಗೋಲಿನವರ ಜೊತೆ ಮತ್ತೆ ದೋಣಿ ಎಳೆದು ತರಲು ಹೋದರು. ನಾನು ಏರಿಯ ಕೆಳಗೆ ಕುಳಿತು, ಮಗುಚಿದ ದೋಣಿಯಿಂದ ಬಿಚ್ಚಿಕೊಂಡು ತಂದಿದ್ದ ಟ್ಯಾಬ್ಲೆಟ್ ಒರೆಸಿ, ಫಿಲ್ಟರ್ ತೆಗೆದು ನೋಡಿದೆ. ನಾವು ಮಗುಚಿದ ಜಾಗದಲ್ಲಿ ಇಪ್ಪತ್ತಮೂರು ಮುಳ್ಳುಗಳೂ ಎದ್ದು ನಿಂತವು.

ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸು ಕುಡುಗೋಲು ಹಿಡಿದು ಹತ್ತಿರ ಬಂದಳು. "ಏಟಾಯ್ತೇನವ್ವ? ಅಲ್ಲಿಗ್ಯಾಕೆ ಹೋದ್ರಿ? ಅದು ಗೌಡ್ರ ತೋಟ ಅಲ್ವಾ."

"ಯಾವ ತೋಟ?"

"ಕೆರೆ ಒಣಗಿದ್ದಾಗ ಅಂಗಳದಾಗೆ ತೆಂಗು ಹಾಕಿದ್ರು. ಕಾಲುವೆ ನೀರು ಬಂತು, ನಿಂತ ನೀರಿಗೆ ಎಲ್ಲಾ ಸುಳಿ ಕೊಳೆತು ಹೋಯ್ತು. ಮರ ಕಡ್ಕಂಡು ಹೋದ್ರು, ಮೋಟು ಅಲ್ಲೇ ಅವೆ."

"ಇದನ್ನ ಮೊದಲೇ ಹೇಳ್ಬಾರದಿತ್ತಾ?"

"ನಾಕು ದಿನ ಓಡಾಡಿದ್ರಿ. ನೀವು ಕೇಳಿದ್ರಾ? ದೊಡ್ಡ ಮಿಷಿನ್ ಮಡಗಿದ್ದೀರಿ, ಅದರಾಗೆ ಕಾಣ್ತದೆ ಅಂದ್ಕಂಡಿ."

ಅಷ್ಟರಲ್ಲಿ ಎಂಜಿನಿಯರರು ಏರಿ ಇಳಿದು ಬಂದರು. ಚಿಕ್ಕಣ್ಣನವರೂ ನೀರಿನಿಂದ ಮೇಲೆ ಬಂದರು. "ಏನ್ರೀ ಆಯ್ತು? ನಕ್ಷೆಯಲ್ಲಿ ಅಲ್ಲೇನೂ ಇಲ್ವಲ್ಲ" ಎಂದು ಎಂಜಿನಿಯರರು ಕೇಳಿದರು.

ಟ್ಯಾಬ್ಲೆಟ್ ನನ್ನ ಕೈಯಲ್ಲಿತ್ತು, ಮುಳ್ಳುಗಳು ತೆರೆಯ ಮೇಲಿದ್ದವು. ಅದನ್ನು ಅವರತ್ತ ತಿರುಗಿಸಿದ್ದರೆ ಸಾಕಾಗಿತ್ತು. ಚಿಕ್ಕಣ್ಣನವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆಗ ಅವರು, "ನನ್ ಕೈ ತಪ್ಪು ಸಾರ್. ಗಾಳಿ ಲೆಕ್ಕ ತಪ್ಪಿದೆ" ಎಂದರು.

"ನೀವಿಬ್ರು ಬಿದ್ರಿ, ಸರಿ. ಮಕ್ಕಳಿದ್ದಿದ್ರೆ?"

ಚಿಕ್ಕಣ್ಣನವರು ದೋಣಿಯತ್ತ ತಿರುಗಿ ಒದ್ದೆ ಹಾಯಿ ಬಿಚ್ಚತೊಡಗಿದರು. ಹಟ್ಟಿಯವರು ಟೆಂಪೋ ಹತ್ತಿದರು.

ಡಿಸೆಂಬರ್ 19ರಂದು ಚಿಕ್ಕಣ್ಣನವರ ಅರ್ಜಿ ತಿರಸ್ಕೃತವಾಯಿತು. ಕಾರಣ ಎರಡೇ ಸಾಲು: ಅರ್ಜಿದಾರರ ವಯಸ್ಸು ಮತ್ತು ದೋಣಿ ನಡೆಸುವಲ್ಲಿ ಆದ ದೋಷ. ಕೊಚ್ಚಿಯಲ್ಲಿ ನೂರಾರು ಜನಕ್ಕೆ ಹಾಯಿ ಕಲಿಸಿದವರ ಬಗ್ಗೆ, ಅವರ ತಾಲ್ಲೂಕಿನ ಪಕ್ಕದಲ್ಲೇ, ಸರ್ಕಾರಿ ಕಾಗದದಲ್ಲಿ ಹಾಗೆ ಬರೆಯಲಾಯಿತು. ಮೋಟುಗಳ ವಿಷಯ ತಿಳಿದಿದ್ದರೆ ಕಚೇರಿ ಅವನ್ನು ಕೀಳಿಸಿ ಎನ್ನುತ್ತಿತ್ತು, ಅಥವಾ ಆ ಮೂಲೆ ಬಿಟ್ಟು ನಡೆಸಿ ಎನ್ನುತ್ತಿತ್ತು. ಓಟ ಒಂದೆರಡು ತಿಂಗಳು ಮುಂದೆ ಹೋಗುತ್ತಿತ್ತು, ಅಷ್ಟೇ. ಜನವರಿ 13ರಂದು ನನ್ನ ಕೆಲಸ ಖಾಯಂ ಆಯಿತು. ಸಹೋದ್ಯೋಗಿಗಳು ಪೇಡ ಹಂಚಿದರು. ನಾನೂ ಒಂದು ತಿಂದೆ.

ಮಾರ್ಚ್ 9ರ ಭಾನುವಾರ ತಿಪಟೂರಿನಿಂದ ಹುಳಿಯಾರು ಬಸ್ಸು ಹತ್ತಿದೆ. ಹಟ್ಟಿಯ ಬೇಲಿಯ ಪಕ್ಕದಲ್ಲಿ ದೋಣಿಯನ್ನು ನಾಲ್ಕು ಕಲ್ಲಿನ ಮೇಲೆ ಬೋರಲು ಹಾಕಿದ್ದರು. ಅದರ ನೆರಳಿನಲ್ಲಿ ಕುರಿಮರಿಗಳು ಮಲಗಿದ್ದವು. ಚಿಕ್ಕಣ್ಣನವರು ಒಂದು ಕುರಿಯ ಗೊರಸು ಹಿಡಿದು ಔಷಧಿ ಹಚ್ಚುತ್ತಿದ್ದರು. ನನ್ನನ್ನು ನೋಡಿ, "ಬಾರವ್ವ. ಇದರ ಕಿವಿ ಹಿಡ್ಕ, ಒದೀತದೆ" ಎಂದರು. ಕುರಿಯ ಕಿವಿ ಹಿಡಿದುಕೊಂಡೇ ನಾನು ಎಲ್ಲವನ್ನೂ ಹೇಳಿದೆ. ಅವರು ಔಷಧಿ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣವ್ವ. ಹಲಗೆ ಬಡಿದಾಗ್ಲೇ ಗೊತ್ತಾಯ್ತು. ಕಲ್ಲಿಗೆ ಬಡಿದ್ರೆ ಒಂದು ಥರ, ಮರಕ್ಕೆ ಬಡಿದ್ರೆ ಒಂದು ಥರ."

"ಮತ್ತೆ ನಿಮ್ಮ ತಪ್ಪು ಅಂತ ಯಾಕೆ ಹೇಳಿದ್ರಿ?"

"ನಿಂದು ಪ್ರೊಬೇಷನ್ ಅಂದಿದ್ಯಲ್ಲ." ಕುರಿಯನ್ನು ಬಿಟ್ಟು ಕೈ ಒರೆಸಿಕೊಂಡರು. "ನೀನೇ ಹೇಳ್ತೀಯ ಅಂತ ಸ್ವಲ್ಪ ಹೊತ್ತು ಕಾದೆ. ಆಮೇಲೆ, ಹೋಗ್ಲಿ ಬುಡು ಅನ್ನಿಸ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾರ್ಚ್ 15 ಮತ್ತು 16ರಂದು ನನ್ನ ರಜೆಯಲ್ಲಿ ಹರಿಗೋಲು ಗೊತ್ತುಮಾಡಿಕೊಂಡು, ಬಿದಿರು ಗಳ ಹಿಡಿದು ಆ ಮೂಲೆಯನ್ನೆಲ್ಲ ಕುಕ್ಕಿ ನೋಡಿದೆ. ಅರವತ್ತೊಂದು ಮೋಟು ಸಿಕ್ಕವು. ನಕ್ಷೆಯ ಮೇಲೆ ಗುರುತಿಸಿದಾಗ ಅದು ಯಾರು ನೋಡಿದರೂ ತೆಂಗಿನ ತೋಟವೇ. ಮೊದಲು ನನ್ನ ಮ್ಯಾನೇಜರರಿಗೆ ಹೇಳಿದೆ. ಅವರು ಬೈದು, ಲಿಖಿತ ಎಚ್ಚರಿಕೆ ಕೊಟ್ಟು, ಕೊನೆಗೆ ಪತ್ರಕ್ಕೆ ಸಹಿ ಹಾಕಿದರು. ತಿದ್ದಿದ ನಕ್ಷೆಯನ್ನೂ ತಪ್ಪು ನನ್ನದು ಎಂಬ ಪತ್ರವನ್ನೂ 24ರಂದು ಕಚೇರಿಗೆ ಕೊಟ್ಟೆ. ಎಂಜಿನಿಯರರು ಎರಡು ಸಲ ಓದಿ, "ಅವತ್ತೇ ಹೇಳಿದ್ರೆ ನಾನು ಆ ಎರಡು ಸಾಲು ಬರೀತಿರ್ಲಿಲ್ಲಮ್ಮ" ಎಂದರು. ಹೊಸ ಅರ್ಜಿ ಬಂದರೆ ಪರಿಶೀಲಿಸುತ್ತೇವೆ ಎಂದು ಬರೆದುಕೊಟ್ಟರು.

ಆ ಕಾಗದದೊಂದಿಗೆ ಮತ್ತೆ ಹಟ್ಟಿಗೆ ಹೋದೆ. ಚಿಕ್ಕಣ್ಣನವರು ಕನ್ನಡಕ ಹಾಕಿಕೊಂಡು ಓದಿ, ಮಡಿಸಿ, ನನಗೇ ವಾಪಸು ಕೊಟ್ಟರು. "ಒಳ್ಳೇದಾಯ್ತು ಬುಡವ್ವ. ಆದ್ರೆ ಇನ್ನೊಂದ್ಸಲ ಆ ಏರಿ ಮೇಲೆ ನಿಂತು ಪರೀಕ್ಷೆ ಕೊಡಾಕೆ ನನ್ ಕೈಲಾಗಲ್ಲ. ಹಟ್ಟಿಯೋರು ಅವತ್ತು ನನ್ ಮುಖ ನೋಡ್ದಂಗೆ ಗಾಡಿ ಹತ್ತಿದ್ರಲ್ಲ, ಅದು ಸಾಕು." ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಈಗ ನನ್ನ ಪ್ರತಿ ವರದಿಯ ಕೊನೆಗೆ ಒಂದು ಪುಟ ಇರುತ್ತದೆ. ಯಾವ ಓದು ತೆಗೆದೆ, ಯಾಕೆ ತೆಗೆದೆ, ಅಲ್ಲಿಗೆ ಹೋಗಿ ಗಳ ಹಾಕಿ ನೋಡಿದವರು ಯಾರು, ಊರಿನಲ್ಲಿ ಯಾರನ್ನು ಕೇಳಿದೆ, ಎಲ್ಲವೂ ಅದರಲ್ಲಿರುತ್ತದೆ. ಕಂಪನಿಯಲ್ಲಿ ಇತರರೂ ಇದನ್ನು ಪಾಲಿಸುತ್ತಿದ್ದಾರೆ. ಅಳತೆಯ ವಿಷಯದಲ್ಲಿ ಈ ಕೆಲಸ ನನಗೆ ಕಲಿಸಿದ್ದು ಅದು, ಮತ್ತು ಅದನ್ನು ಕಲಿಯುವುದು ಕಷ್ಟವೇನಲ್ಲ. ಇನ್ನೊಂದನ್ನು ಯಾವ ಪುಟಕ್ಕೂ ಸೇರಿಸಲು ಬರುವುದಿಲ್ಲ. ಚಿಕ್ಕಣ್ಣನವರ ಮುಂದೆ ತಪ್ಪು ಒಪ್ಪಿಕೊಳ್ಳಲು ನನಗೆ ತೊಂಬತ್ತನಾಲ್ಕು ದಿನ ಹಿಡಿಯಿತು. ಅಷ್ಟು ದಿನವಾದ ಮೇಲೂ ಕಚೇರಿಯ ಕಡತವನ್ನು ತಿದ್ದಲು ಸಾಧ್ಯವಾಯಿತು. ಟೆಂಪೋ ಹತ್ತಿ ಹೋದ ಒಂಬತ್ತು ಜನರ ಮುಂದೆ ನಿಜ ಹೇಳಲು ಇದ್ದದ್ದು ಚಿಕ್ಕಣ್ಣನವರು ಕಾದ ಆ ಸ್ವಲ್ಪ ಹೊತ್ತು ಮಾತ್ರ.