ಬೀಳ್ತದೆ ಅನ್ನುತ್ತಿದ್ದ ಮೇಷ್ಟ್ರು

ಮೇಷ್ಟ್ರ ಬಲಗೈ ಕಿರುಬೆರಳಿಗೆ ಒಂದು ಅಂಗುಲ ಉದ್ದದ ಉಗುರಿತ್ತು. ಹಳದಿಗೆ ತಿರುಗಿ ತುದಿ ಬಾಗಿತ್ತು. ಅದರಲ್ಲಿ ಕಿವಿ ಕೆರೆದುಕೊಳ್ಳುವುದು, ಬಂದದ್ದನ್ನು ಬೆಳಕಿಗೆ ಹಿಡಿದು ನೋಡುವುದು, ಪಂಚೆಗೆ ಒರೆಸುವುದು, ಅದೇ ಉಗುರಲ್ಲಿ ಪೇಪರಿನ ಶೇರು ಬೆಲೆಯ ಕೆಳಗೆ ಗೆರೆ ಎಳೆಯುವುದು. ಅವರು ಓದಿ ಬಿಟ್ಟ ಪೇಪರನ್ನು ನಾನು ಎರಡೇ ಬೆರಳಲ್ಲಿ ಎತ್ತಿಡುತ್ತಿದ್ದೆ.

ಲಷ್ಕರ್ ಮೊಹಲ್ಲಾದಲ್ಲಿ ಮಹಡಿ ಮೇಲೆ ಒಂದು ಶೇರು ಆಫೀಸಿತ್ತು. ಬೆಳಗ್ಗೆ ಎರಡು ಮನೆಯ ಪಾತ್ರೆ ತೊಳೆದು, ಆಮೇಲೆ ಅಲ್ಲಿ ಕಸ ಗುಡಿಸಿ ಕಾಫಿ ಕೊಡುತ್ತಿದ್ದೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ರಿಟೈರಾದವರು. ದಿನಾ ಬಂದು ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯುತ್ತಿದ್ದರು. ಒಂದು ಶೇರನ್ನೂ ಕೊಳ್ಳುತ್ತಿರಲಿಲ್ಲ. ಪುಕ್ಕಟೆ ಕಾಫಿ ಕುಡಿದು, "ಬೀಳ್ತದೆ ಕಣ್ರೀ, ಬೀಳ್ತದೆ" ಅನ್ನುವುದೇ ಅವರ ಕಸುಬು. ಹಿಂದೆ ಥೈಲ್ಯಾಂಡ್ ದೇಶದ ದುಡ್ಡು ಮುಳುಗಿದಾಗಲೂ ಹಾಗೇ ಅಂದಿದ್ದರಂತೆ. ಆಗ ಅವರ ಮಾತು ಕೇಳಿ ಕಂಪ್ಯೂಟರ್ ಶೇರು ಮಾರಿದವರು, ಅದು ಮುಗಿಲಿಗೇರಿದ್ದನ್ನು ನೋಡಿ ಕೈ ಕೈ ಹಿಸುಕಿಕೊಂಡರು.

ಆಫೀಸಿನ ಯಜಮಾನರಿಗೆ ಏನೇ ಆದರೂ ಏರುವುದೇ ಕಾಣುತ್ತಿತ್ತು. ಚೀಟಿ ಎತ್ತಿದ ದುಡ್ಡನ್ನು ಅವರ ಮಾತು ಕೇಳಿ ಒಂದು ಕಂಪ್ಯೂಟರ್ ಕಂಪನಿಯ ಶೇರಿಗೆ ಹಾಕಿದ್ದೆ. ಕೆಳಗಿನ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದ ಟೈಲರಮ್ಮನಿಗೂ ಹೇಳಿ ಹಾಕಿಸಿದವಳು ನಾನೇ. ಹಿನಕಲ್ಲಿನಲ್ಲಿ ನಾನು ಬಾಡಿಗೆಗಿದ್ದ ಎರಡು ಕೋಣೆಯ ಶೀಟಿನ ಮನೆಯನ್ನು ಮಾಲೀಕ ಮಾರುವವನಿದ್ದ. ದೀಪಾವಳಿಯೊಳಗೆ ದುಡ್ಡು ಕೊಟ್ಟರೆ ನನಗೆ, ಇಲ್ಲದಿದ್ದರೆ ಬೇರೆಯವರಿಗೆ. ಟೈಲರಮ್ಮ ಮರುವರ್ಷ ದೊಡ್ಡ ಅಡ್ವಾನ್ಸ್ ಕಟ್ಟಿ ಅಂಗಡಿ ಉಳಿಸಿಕೊಳ್ಳಬೇಕಿತ್ತು.

ದಸರಾ ಹತ್ತಿರ ಇದ್ದಾಗ ಅಮೆರಿಕಾದಲ್ಲಿ ದೊಡ್ಡದೊಂದು ಬ್ಯಾಂಕು ಮುಳುಗಿತು ಅಂತ ಟಿವಿಯಲ್ಲಿ ಬಂತು. ಆಫೀಸು ಸಂತೆಯಾಯಿತು.

"ಯಾರೂ ಮಾರ್ಬೇಡಿ," ಅಂದರು ಯಜಮಾನರು. "ಕಂಪ್ಯೂಟರ್ ಕಂಪನಿಗೆ ಡಾಲರ್‌ನಲ್ಲಿ ದುಡ್ಡು ಬರೋದು. ರೂಪಾಯಿ ಬಿದ್ದಷ್ಟೂ ಅವ್ರಿಗೆ ಲಾಭ ಕಣ್ರೀ."

ಮೇಷ್ಟ್ರು ಲೋಟ ಎತ್ತುತ್ತಿದ್ದ ನನ್ನ ಕಡೆ ತಿರುಗಿದರು. "ಏ ಅಮ್ಮಣ್ಣಿ, ನೀನು ಪಾತ್ರೆ ತೊಳೆಯೋ ಮನೆಯೋರು ದಿವಾಳಿ ಎದ್ರೆ ನಿಂಗೆ ಸಂಬಳ ಜಾಸ್ತಿ ಮಾಡ್ತಾರಾ?"

"ಮೊದ್ಲು ನನ್ನೇ ಬಿಡಿಸ್ತಾರೆ, ಮೇಷ್ಟ್ರೇ."

"ಆ ಕಂಪನಿ ಅಮೆರಿಕಾ ಬ್ಯಾಂಕಿನ ಪಾತ್ರೆ ತೊಳೆಯೋದು. ತಲೇಲಿ ಸಗಣಿ ಇಲ್ದಿದ್ರೆ ಇವತ್ತೇ ಮಾರ್ಬುಡು."

ಮೈ ಉರಿಯಿತು. ಆದರೆ ಮಾತು ತಿಳಿಯಿತು. ಅವತ್ತೇ ಮಾರಿದೆ. ಯಜಮಾನರು ಮುಖ ಗಂಟಿಕ್ಕಿಕೊಂಡು ಫಾರಂ ತುಂಬಿದರು. ಟೈಲರಮ್ಮನಿಗೂ ಹೋಗಿ ಹೇಳಿದೆ.

"ಆ ಕೊಳಕು ಮುದುಕನ ಮಾತಾ? ಹೋಗಕ್ಕ ನೀನೊಂದು," ಅಂದಳು.

ಬಿತ್ತು. ದಿನಾ ಬಿತ್ತು. ಹಿನಕಲ್ಲಿನ ಮನೆ ನನ್ನ ಹೆಸರಿಗಾಗುವ ಹೊತ್ತಿಗೆ ಅವಳ ಶೇರು ಅರ್ಧಕ್ಕಿಳಿದಿತ್ತು.

ದೀಪಾವಳಿ ಹಿಂದಿನ ದಿನ ಮೇಷ್ಟ್ರು ಪೇಡದ ಡಬ್ಬಿ ಹಿಡಿದು ಬಂದರು. ಜನ್ಮದಲ್ಲಿ ಯಾರಿಗೂ ಒಂದು ಲೋಟ ಕಾಫಿ ಕುಡಿಸದ ಮನುಷ್ಯ. ಮುಳುಗಿ ಕೂತಿದ್ದ ಒಬ್ಬೊಬ್ಬರ ಮುಂದೆಯೂ ಡಬ್ಬಿ ಚಾಚಿ, "ತಗೊಳ್ಳಿ, ತಗೊಳ್ಳಿ. ನಾನು ಹೇಳಿರ್ಲಿಲ್ವಾ?" ಅನ್ನುತ್ತಾ ಬಂದರು. ಟೈಲರಮ್ಮ ಬೆಂಚಿನ ಮೇಲೆ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಅವಳ ಅಂಗೈ ಬಿಡಿಸಿ ಪೇಡ ಇಟ್ಟರು.

"ತಿನ್ನಮ್ಮ. ಸೊನ್ನೆಗೆ ಬರ್ತದೆ ನಿನ್ನ ಶೇರು. ಆ ಕಾಗದ ರವಿಕೆ ಅಳತೆ ಕತ್ತರಿಸೋಕಾದ್ರೂ ಆಗ್ತದೆ."

ಡಬ್ಬಿಗೆ ಬೀಸಿ ಹೊಡೆದೆ. ಪೇಡ ನೆಲದ ಮೇಲೆಲ್ಲ ಉರುಳಿದವು.

"ಥೂ, ನಿಮ್ಮ ಜನ್ಮಕ್ಕೆ! ಅಳ್ತಾ ಕೂತವ್ಳೆ, ಕಾಣ್ಸಲ್ವಾ ನಿಮ್ಗೆ?"

ಅವರು ನಾಚಲೂ ಇಲ್ಲ. ಬಗ್ಗಿ ಒಂದೊಂದೇ ಆರಿಸಿ, ಮಣ್ಣು ಊದಿ, ಒಂದನ್ನು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಡಬ್ಬಿಗೆ ತುಂಬಿದರು. "ನಿಂಗೆ ಮನೆ ಆಯ್ತಲ್ಲ, ಇನ್ನೇನು ನಿಂದು?" ಅಂದರು. ನಾನು ಪೊರಕೆ ತಂದು ನೆಲ ಗುಡಿಸಿದೆ.

ಸೊನ್ನೆ ಅನ್ನುವ ಮಾತಿಗೆ ಹೆದರಿ ಟೈಲರಮ್ಮ ಇದ್ದದ್ದನ್ನೆಲ್ಲ ಆ ಸಂಜೆಯೊಳಗೇ ಮಾರಿಬಿಟ್ಟಳು. ಅಲ್ಲಿಂದಾಚೆ ಅದು ಸೊನ್ನೆಗೂ ಬರಲಿಲ್ಲ, ಏನೂ ಇಲ್ಲ. ವರ್ಷ ತಿರುಗುವುದರಲ್ಲಿ ಎದ್ದು ಮೊದಲಿಗಿಂತ ಮೇಲೆ ಹೋಯಿತು. ಸುಮ್ಮನೆ ಇಟ್ಟುಕೊಂಡವರು ಬಚಾವಾದರು. ಇವಳು ಅಂಗಡಿ ಬಿಟ್ಟು, ಬೇರೆಯವರ ಹತ್ತಿರ ಕೂಲಿಗೆ ಕಾಜಾ ಹಾಕುತ್ತಾ ಕೂತಳು. ಮೇಷ್ಟ್ರು ಅದನ್ನೂ ನೋಡಿದರು. ಟಿವಿ ಕಡೆ ತಿರುಗಿ "ಬೀಳ್ತದೆ" ಅಂದು ಕಾಫಿ ಕೇಳಿದರು.

ಏರ್ತದೆ ಅನ್ನುವವರಿಗೆ ಕಮಿಷನ್ನಿನ ಆಸೆ. ಬೀಳ್ತದೆ ಅನ್ನುವವರಿಗೆ ಇನ್ನೊಬ್ಬರ ಗೋಳಿನ ಆಸೆ. ನಡುವೆ ಹೋಗಿ ಅವಳ ದುಡ್ಡು ಹಾಕಿಸಿದ ನಾನೂ ಏನು ದೊಡ್ಡ ಸಾಚಾ ಅಲ್ಲ.

ಮರುವರ್ಷದ ಚಳಿಗಾಲದಲ್ಲಿ ಮೇಷ್ಟ್ರು ಸತ್ತರು. ಮನೆ ಬನ್ನಿಮಂಟಪದ ಕಡೆ. ಹೋಗಲು ಮನಸ್ಸಿರಲಿಲ್ಲ, ಹೋಗದೆ ಇರಲು ಮುಖವಿರಲಿಲ್ಲ. ಟೈಲರಮ್ಮನೂ ಜೊತೆಗೆ ಬಂದಳು, ಆದರೆ ಗೇಟು ದಾಟಲಿಲ್ಲ. ಒಳಗೆ ನಾಲ್ಕೇ ಜನ ಇದ್ದರು, ಹೆಣದ ಬಾಯಿಗೆ ಅಕ್ಕಿ ಹಾಕುತ್ತಿದ್ದರು. ಅವರ ಹೆಂಡತಿ ನನ್ನ ಕೈಗೂ ಅಕ್ಕಿ ಕೊಟ್ಟು, "ನೀನ್ಯಾರಮ್ಮ?" ಅಂದರು.

"ಇವರಿಂದ ನಂಗೊಂದು ಮನೆ ಆಯ್ತು," ಅಂದೆ.

ಆಯಮ್ಮ ನಂಬಲಿಲ್ಲ. "ಇವರಿಂದಾನಾ?" ಅಂತ ಎರಡು ಸಲ ಕೇಳಿದರು.

ಗೇಟಿನ ಹತ್ತಿರ ಟೈಲರಮ್ಮ, "ಅಕ್ಕಿ ಹಾಕಿದ್ಯಾ?" ಅಂದಳು.

"ಹಾಕ್ದೆ ಕಣೆ."

"ನಿಂಗೆ ಋಣ ಇತ್ತು, ಹಾಕ್ದೆ. ನಂಗೇನಿತ್ತು?" ಅಂದು ಪಕ್ಕಕ್ಕೆ ಉಗಿದು ಕೆಲಸಕ್ಕೆ ಹೋದಳು.

ಸಾವಿನ ಮನೆಯಿಂದ ಬಂದವಳು ಹಿತ್ತಲಲ್ಲೇ ತಲೆಗೆ ನೀರು ಹಾಕಿಕೊಂಡೆ. ಆ ಹಿತ್ತಲು, ಆ ನಲ್ಲಿ, ಒಳಗಿನ ಎರಡು ಕೋಣೆ, ಎಲ್ಲ ಆ ಮನುಷ್ಯನ ಮಾತಿಂದ ಬಂದದ್ದು. ಎರಡು ಕೊಡ ಸುರಿದುಕೊಂಡರೂ ಮೈ ತೊಳೆದ ಹಾಗಾಗಲಿಲ್ಲ. ಮೂರನೆಯದನ್ನೂ ಸುರಿದುಕೊಂಡು ಒಳಗೆ ಹೋದೆ.