ಅಮ್ಮ ಹೆಚ್ಚಿದ ಕೊನೆಯ ಎಳ್ಳುಬೆಲ್ಲ

ಅಮ್ಮನ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಹುರಿಗಡಲೆಯಷ್ಟು ಬಿಳಿ ಮಚ್ಚೆ. ದೀಪಾವಳಿಗೆ ಕಂಡದ್ದು ಸಂಕ್ರಾಂತಿಯ ಹೊತ್ತಿಗೆ ಮಣಿಕಟ್ಟಿನವರೆಗೆ ಹರಡಿತ್ತು. ಅಂಟುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು.

ಆಗ ನಾವು ದೇಶದ ರಾಜಧಾನಿಯ ವಸಂತ್ ಕುಂಜ್‌ನಲ್ಲಿದ್ದೆವು. ಆ ದಿನಗಳಲ್ಲಿ ನಮಗೆ ಊರೆಂದರೆ ಬ್ಲಾಕಿನಲ್ಲಿದ್ದ ನಾಲ್ಕಾರು ಕನ್ನಡದ ಮನೆಗಳು. ಮಂಜು ಸರಿದು ಬಿಸಿಲು ಬಿದ್ದೊಡನೆ ಅಮ್ಮ ಬಾಲ್ಕನಿಯಲ್ಲಿ ಕೂತು ಕೊಬ್ಬರಿ, ಬೆಲ್ಲ ಹೆಚ್ಚುತ್ತಿದ್ದಳು. ಹುರಿದ ಎಳ್ಳಿನ ವಾಸನೆ ನನ್ನ ಸ್ವೆಟರಿಗೂ ಹಿಡಿಯುತ್ತಿತ್ತು.

ಆ ವರ್ಷ ಮೇಲಿನ ಮನೆಯ ಶಾರದಾ ಆಂಟಿ ಬಂದವರು ಅಮ್ಮನ ಕೈಯನ್ನೇ ನೋಡಿದರು.

“ಮೀನು ತಿಂದು ಹಾಲು ಕುಡಿದ್ರೆ ಹೀಗಾಗುತ್ತಂತೆ ಕಣ್ರೀ.”

“ನಾವು ಮೀನೇ ತಿನ್ನಲ್ವಲ್ರೀ.”

“ಹೋಟ್ಲಲ್ಲಿ ಏನೇನು ಬೆರೆಸ್ತಾರೋ, ಯಾರು ಕಂಡ್ರು?”

ಅಮ್ಮ ನಕ್ಕಳು. ಅಂದಿನಿಂದ ಕೈಗವಸು ತೊಟ್ಟು ಹೆಚ್ಚತೊಡಗಿದಳು. ಕೇಳಿದರೆ, “ಚಳಿ” ಎಂದಳು.

ಹಬ್ಬದ ಸಂಜೆ ಲಂಗ ಉಟ್ಟು ಎಳ್ಳು ಬೀರಲು ಹೋದೆ. ಆಂಟಿ ಪೊಟ್ಟಣ ತೆಗೆದುಕೊಂಡು, ಸಕ್ಕರೆ ಅಚ್ಚು ಕೊಟ್ಟು, ಕೆನ್ನೆ ಸವರಿದರು. ಅವರ ಮಗಳು ನಿಕ್ಕಿ ನನ್ನ ವಾರಿಗೆಯವಳು. ಮೆಟ್ಟಿಲವರೆಗೆ ಬಂದು ಹೇಳಿದಳು:

“ನಿಮ್ಮನೇದು ಮತ್ ಖಾನಾ, ತಿನ್ಬೇಡ ಅಂದ್ರು ಮಮ್ಮಿ. ನಿಮ್ಮಮ್ಮನ ಕೈಯಿಂದ ಲಗ್ ಜಾತಾ ಹೈ, ಅಂಟುತ್ತಂತೆ.”

“ನಂಗೆ ದಿನಾ ಅಮ್ಮಾನೇ ತಿನ್ನಿಸೋದು. ನಂಗೇನೂ ಆಗಿಲ್ವಲ್ಲ?”

ಅವಳು ನನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅಭೀ ತಕ್ ನಹೀಂ. ಇನ್ನೂ ಆಗಿಲ್ಲ.”

ಮನೆಯಲ್ಲಿ ಅಮ್ಮ ಕಾಯುತ್ತಿದ್ದಳು. “ಏನಂದ್ರು ಪುಟ್ಟಿ?”

“ಚೆನ್ನಾಗಿದೆ ಅಂದ್ರು.”

“ತಿಂದು ನೋಡಿದ್ರಾ?”

ನಾನು ಸಕ್ಕರೆ ಅಚ್ಚನ್ನು ಬಾಯಿಗೆ ಹಾಕಿಕೊಂಡೆ.

ಹಿಂದೆ ಗುಲಾಮರ ಚರ್ಮಕ್ಕೆ ಬರೆ ಹಾಕಿ ಗುರುತು ಮಾಡುತ್ತಿದ್ದರಂತೆ. ಕಳಂಕದ ಚರಿತ್ರೆಯನ್ನು ಅಲ್ಲಿಂದ ಶುರುಮಾಡುವ ಪಾಠವನ್ನು ಮುಂದೆ ವಿಶ್ವವಿದ್ಯಾಲಯದಲ್ಲಿ ಓದಿದೆ. ನಮ್ಮ ಬ್ಲಾಕಿನಲ್ಲಿ ಯಾರೂ ಬರೆ ಹಾಕಲಿಲ್ಲ. ಪೊಟ್ಟಣ ತೆಗೆದುಕೊಂಡರು, ನಕ್ಕರು, ತಿನ್ನಲಿಲ್ಲ. ಮುಂದಿನ ವರ್ಷದಿಂದ ಅಮ್ಮ ಅಂಗಡಿಯ ಎಳ್ಳುಬೆಲ್ಲ ತರಿಸಿದಳು. ಅದನ್ನು ಎಲ್ಲರೂ ತಿಂದರು. ಈಗ ಅದೇ ನಗರದ ಮುನಿರ್ಕಾದ ನನ್ನ ಬಾಡಿಗೆ ಕೋಣೆಗೆ ಚಳಿಗಾಲ ಬರುತ್ತದೆ, ಎಳ್ಳಿನ ವಾಸನೆ ಬರುವುದಿಲ್ಲ. ಯಾರ ಮೇಲೂ ಸಿಟ್ಟು ಉಳಿದಿಲ್ಲ. ಅಷ್ಟು ತ್ರಾಣವೂ ಇಲ್ಲ.

ಆ ವರ್ಷ ಹಬ್ಬದ ಮರುದಿನ ಬೆಳಿಗ್ಗೆ ನನ್ನ ತಲೆ ಬಾಚಲು ಕೂತ ಅಮ್ಮ, ಮೊದಲು ಕೈಗವಸು ತೊಟ್ಟಳು. ನಾನು ತಿರುಗಿ ಅವೆರಡನ್ನೂ ಎಳೆದು ತೆಗೆದು ನನ್ನ ಸ್ವೆಟರಿನ ಜೇಬಿಗೆ ತುರುಕಿದೆ. ಬಾಚಣಿಗೆಯನ್ನು ಅವಳ ಬರಿಗೈಗೆ ಕೊಟ್ಟು, ಮತ್ತೆ ಬೆನ್ನು ಮಾಡಿ ಕೂತೆ.